ಮಿನತಿ ಎಣಿಸಿದ ಉಸಿರು

ಜ್ವರ ಬಂದ ಮೂರನೆಯ ದಿನ ಬಚ್ಚಲಿನಿಂದ ಮಂಚದ ತನಕ ಬರುವಷ್ಟರಲ್ಲಿ ಉಸಿರು ಸಾಲಲಿಲ್ಲ. ಹತ್ತೇ ಹೆಜ್ಜೆ. "ಎಂತ ಮಾರಾಯ್ತಿ, ಈ ನಮೂನೆ ಏದುಸಿರು?" ಎಂದು ಗಂಡ ಕೇಳಿದರೆ ಅವರ ಮೇಲೆಯೇ ರೇಗಿದೆ. ಹೆದರಿಕೆಯಾದರೆ ನನಗೆ ಮೊದಲು ಬರುವುದು ಸಿಟ್ಟು.

ಕುಲಶೇಖರದ ಮನೆಯಿಂದ ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಎಕ್ಸ್‌ರೇ ನೋಡಿದ ಡಾಕ್ಟರ್ ನ್ಯುಮೋನಿಯಾ ಎಂದು ಅಡ್ಮಿಟ್ ಮಾಡಿಸಿದರು.

ಅದೇ ಆಸ್ಪತ್ರೆಯ ನರ್ಸಿಂಗ್ ಕಾಲೇಜಿನಲ್ಲಿ ನಾನು ಟೀಚರು. ಜಾತಿ, ಮೈಬಣ್ಣ, ಭಾಷೆ, ಅಧಿಕಾರ ಇವೆಲ್ಲ ರೋಗಿಯ ಹಾಸಿಗೆಯ ಪಕ್ಕ ಹೇಗೆ ಕೆಲಸ ಮಾಡುತ್ತವೆ ಎಂಬುದೂ ನನ್ನದೇ ಪಾಠ. "ತಪ್ಪು ಕಂಡರೆ ಎದುರಿಗೆ ಯಾರೇ ಇರಲಿ, ಹೇಳಬೇಕು" ಎನ್ನುತ್ತಿದ್ದೆ. ಮಕ್ಕಳು ಅದನ್ನೂ ನೋಟ್ಸ್ ಬರೆದುಕೊಳ್ಳುತ್ತಿದ್ದರು. ಒಮ್ಮೆ ಮಿನತಿ ಎಂಬ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, "ನಿನಗಾದ ಅನುಭವ ಹೇಳು" ಎಂದಿದ್ದೆ. ಒಡಿಶಾದಿಂದ ಬೈಕಂಪಾಡಿಯ ಕಾರ್ಖಾನೆ ಕೆಲಸಕ್ಕೆ ಬಂದವರ ಮಗಳು ಅವಳು. ಮೈಬಣ್ಣ ಕಪ್ಪು. ಇಡೀ ಕ್ಲಾಸು ಅವಳತ್ತ ತಿರುಗಿತು. ಅವಳು ತಲೆ ತಗ್ಗಿಸಿದಳು. ಅರ್ಚಕರ ಮನೆಯಲ್ಲಿ ಹುಟ್ಟಿದ ನನ್ನ ಅನುಭವವನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅಡ್ಮಿಟ್ ಆದ ದಿನ ಮಧ್ಯಾಹ್ನ ನನ್ನ ಬಿಪಿ ನೋಡಲು ವಾರ್ಡಿಗೆ ಬಂದದ್ದು ಅವಳೇ. ಕೊನೆಗೆ ವಾಚ್ ಹಿಡಿದು ನನ್ನ ಎದೆಯನ್ನೇ ನೋಡುತ್ತ ನಿಂತಳು. ಉಸಿರು ಎಣಿಸಲು ಪೂರ್ತಿ ಒಂದು ನಿಮಿಷ ಬೇಕು. ಆ ನಿಮಿಷ ಉಳಿಸಲು ನಮ್ಮ ಕಸುಬಿನಲ್ಲಿ ಬಹಳ ಮಂದಿ ಕಣ್ಣಳತೆಯಲ್ಲಿ ಇಪ್ಪತ್ತು, ಅಂದರೆ ತೊಂದರೆಯಿಲ್ಲ, ಎಂದು ಬರೆದುಬಿಡುತ್ತಾರೆ.

"ಮೂವತ್ತನಾಲ್ಕು ಉಂಟು, ಮೇಡಂ."

ಅಷ್ಟಾದರೆ ಐಸಿಯು. ನನಗದು ಗೊತ್ತು. ಅಲ್ಲಿಗೆ ಹೋದವರನ್ನು ಎಷ್ಟು ಸಲ ಬಿಳಿ ಬಟ್ಟೆ ಹೊದಿಸಿ ಕಳಿಸಿಲ್ಲ!

"ನಿನಗೆ ಎಣಿಸ್ಲಿಕ್ಕೂ ಬರೂದಿಲ್ವಾ? ಇಪ್ಪತ್ತು ಅಂತ ಬರಿ."

ಬರೆದಳು.

ಒಂದು ಗಂಟೆಯಲ್ಲಿ ಉಸಿರು ಗಂಟಲಿನಿಂದ ಕೆಳಗೆ ಇಳಿಯುವುದನ್ನೇ ಬಿಟ್ಟಿತು. ಗಂಡ ಕ್ಯಾಂಟೀನಿಗೆ ಹೋಗಿದ್ದರು. ಬೆಲ್ಲು ಕೈಗೆ ಎಟುಕಲಿಲ್ಲ. ದೇವರೇ, ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಯಾರೂ ಕರೆಯದೆ ಮಿನತಿ ಮತ್ತೆ ಬಂದಳು. ಪುನಃ ಎಣಿಸತೊಡಗಿದಳು. ಆಗಲೂ ನಾನು ಕಣ್ಣಲ್ಲೇ ಗದರಿಸಿದೆ. ಅವಳು ಡಾಕ್ಟರನ್ನು ಕರೆಯಲು ಓಡಿದಳು.

ಡಾಕ್ಟರ್ ನನಗೆ ಆಕ್ಸಿಜನ್ ಮಾಸ್ಕ್ ಹಾಕಿಸಿ ಚಾರ್ಟ್ ನೋಡಿದರು. "ಇಪ್ಪತ್ತು ಅಂತ ಬರೆದದ್ದು ಯಾರು?"

"ನಾನು, ಸರ್."

ಎಲ್ಲರೆದುರು ಅವಳಿಗೆ ಬೈದರು. ನನಗೆ ಮಾತಾಡಲಾಗುತ್ತಿರಲಿಲ್ಲ. ಆದರೆ ಕೈ ಎತ್ತಬಹುದಿತ್ತು.

ಎತ್ತಲಿಲ್ಲ.

ಐಸಿಯುವಿನಲ್ಲಿ ನಾಲ್ಕು ದಿನ. ಕಣ್ಣು ಮುಚ್ಚಲೇ ಹೆದರಿಕೆ. ನಿದ್ದೆಯಲ್ಲಿ ಉಸಿರೆಳೆಯುವುದು ಮರೆತುಹೋದರೆ ಎಂದು ಪ್ರತಿ ಉಸಿರನ್ನೂ ಕಾಯುತ್ತ ಮಲಗಿದೆ. ಈಗಲೂ ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತದೆ.

ವಾರ್ಡಿಗೆ ಮರಳಿದ ದಿನ ಡಾಕ್ಟರಿಗೆ ನಿಜ ಹೇಳಿದೆ. ಆಮೇಲೆ ಮಿನತಿಯನ್ನು ಕರೆಸಿ, "ತಪ್ಪು ನನ್ನದು, ಡಾಕ್ಟರಿಗೆ ಹೇಳಿದ್ದೇನೆ" ಎಂದೆ. ಸ್ಟೂಲು ತೋರಿಸಿದೆ. ಕೂರಲಿಲ್ಲ.

"ಅವತ್ತು ನಿನಗೆ ಹೆದರಿಕೆ ಆಗ್ಲಿಲ್ವಾ?"

"ಆಯ್ತು, ಮೇಡಂ. ನೀವು ಸಾಯ್ತೀರಿ ಅಂತ ಹೆದರಿಕೆ. ಬದುಕಿದ್ರೆ ಬೈತೀರಿ ಅಂತ ಅದಕ್ಕಿಂತ ಹೆಚ್ಚು ಹೆದರಿಕೆ."

ಬದುಕಿದ್ದೇನೆ. ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ.