ಮುದುಕಿಯ ಮೇಲೆ ಮಾವನ ಮುನಿಸು

ಡೀಸೆಲ್ ಇಂಜಿನ್ನುಗಳ ಫೋಟೊ ಹಿಡಿದುಕೊಂಡು ಯಾವುದು ಚೆಂದವೆಂದು ಜಗಳವಾಡುವ ಈಗಿನವರನ್ನು ಕಂಡರೆ ನನಗೆ ನಗು ಬರುತ್ತದೆ. ಇಂಜಿನ್ ಹುಚ್ಚು ತಮಗೇ ಮೊದಲು ಹಿಡಿದಂತೆ ಆಡುತ್ತಾರೆ. ಎರಡನೇ ಮಹಾಯುದ್ಧ ಶುರುವಾಗುವ ಒಂದೆರಡು ವರ್ಷ ಮೊದಲು, ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎನ್ನುತ್ತಿದ್ದ ಕಾಲದಲ್ಲಿ, ಹಬೆ ಇಂಜಿನ್ನಿನ ವಿಷಯಕ್ಕೆ ಮಾತು ಬಿಟ್ಟವರೇ ನಮ್ಮಲ್ಲಿದ್ದರು. ಮದ್ರಾಸ್ ಲೈನಿನ ದೊಡ್ಡ ಇಂಜಿನ್ನೇ ಇಂಜಿನ್ ಎನ್ನುವವರು ಒಂದು ಕಡೆ. ಚಿನ್ನದ ಗಣಿಗೆ ಹತ್ತಿ ಇಳಿಯುವ ಗಿಡ್ಡ ಇಂಜಿನ್ನಿನ ಪಕ್ಷದವರು ನಾವು. ಅದನ್ನು ಮುದುಕಿ ಎಂದು ಕರೆಯುತ್ತಿದ್ದೆವು.

ಮುದುಕಿಯ ಡ್ರೈವರ್ ನನ್ನ ಸೋದರಮಾವ. ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ ಹೊಲ ಗೇಯ್ದುಕೊಂಡಿದ್ದ ನನ್ನನ್ನು ಕರೆತಂದು, ಅದಕ್ಕೆ ಇದ್ದಲು ಹಾಕುವ ಫೈರ್‌ಮನ್ ಮಾಡಿಸಿದವನೂ ಅವನೇ. ಆಗ ಒಬ್ಬ ಡ್ರೈವರಿಗೆ ಒಂದು ಇಂಜಿನ್ ಎಂದು ಗೊತ್ತುಮಾಡುತ್ತಿದ್ದರು. ಮಾವ ಅದರ ಹಿತ್ತಾಳೆ ಪಟ್ಟಿಯನ್ನು ತಾನೇ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದ. ಮನೆಯ ಚೊಂಬನ್ನು ಒಂದು ದಿನ ಹಾಗೆ ಉಜ್ಜಿದ್ದರೆ ಅತ್ತೆ ಎಷ್ಟು ಹರಸುತ್ತಿದ್ದಳೋ. ಏರಿನಲ್ಲಿ ಅದಕ್ಕೆ ಉಬ್ಬಸ ಹತ್ತಿದರೆ, "ಬಾರವ್ವ, ಇನ್ನೊಂದ್ ಫರ್ಲಾಂಗು" ಎಂದು ಮೆತ್ತಗೆ ಕರೆಯುವನು. ನನ್ನ ಜೊತೆ ಅಷ್ಟು ಮೆತ್ತಗೆ ಅವನು ಎಂದೂ ಮಾತಾಡಿದ್ದಿಲ್ಲ.

ಹಳಿಯ ಪಕ್ಕದ ಸಿಗ್ನಲ್ಲಿನ ಕೈಮರ ಕಂಡ ಕೂಡಲೇ ಡ್ರೈವರೂ ಫೈರ್‌ಮನ್ನೂ ಒಬ್ಬರಿಗೊಬ್ಬರು ಕೂಗಿ ಹೇಳಬೇಕೆಂಬುದು ನಮ್ಮ ಕೆಲಸದ ಕಟ್ಟಳೆ. ಅದರ ಕೈ ಕೆಳಗೆ ಬಿದ್ದಿದ್ದರೆ ದಾರಿ ಬಿಟ್ಟಂತೆ. ಮೊದಲೆಲ್ಲ ಮಾವ ಕೂಗುತ್ತಿದ್ದ, ನಾನು ಹೂಂಗುಡುತ್ತಿದ್ದೆ. ಆ ವರ್ಷ ಅದು ತಿರುವುಮುರುವಾಯಿತು. "ಕೈ ಬಿದ್ದೈತೆ ಮಾವ" ಎಂದು ನಾನು ಕೂಗಿದ ಮೇಲೆ ಅವನು "ಬಿದ್ದೈತೆ" ಅನ್ನುವನು. ಕಣ್ಣಿಗೆ ಪೊರೆ ಬಂದಿತ್ತು. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

ಒಂದು ಬೆಳಿಗ್ಗೆ ಏರಿನ ಮೇಲೆ ನಾನು ಬಗ್ಗಿ ಇದ್ದಲು ಎಸೆಯುತ್ತಿದ್ದೆ. ಮಾವ ನನ್ನ ಕೂಗಿಗೆ ಕಾಯದೆ ಅಂದಾಜಿನ ಮೇಲೆ ಕೈ ಬೀಳದಿದ್ದ ಕೈಮರವನ್ನು ದಾಟಿಬಿಟ್ಟ. ತಲೆ ಎತ್ತಿದರೆ ಎದುರಿಗೆ ನಿಂತ ವ್ಯಾಗನ್ನು. ನಾನು ಅರಚಿದೆ, ಅವನು ಬ್ರೇಕ್ ಹಾಕಿದ. ಹತ್ತು ಮಾರು ಉಳಿದಿತ್ತು. ಹಿಂದಿನ ಡಬ್ಬಿಗಳಲ್ಲಿ ಗಣಿಯ ಪಾಳಿಗೆ ಹೊರಟ ಜನ, ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಗೆ ಮೊಸರು ಹೊತ್ತ ನಮ್ಮ ಹಳ್ಳಿಗಳ ಹೆಂಗಸರು. ಒಬ್ಬಾಕೆ ಮೊಸರು ಚೆಲ್ಲಿತೆಂದು ಮಾವನಿಗೆ ಚೆನ್ನಾಗಿ ಬೈದಳು, ಅಷ್ಟೇ.

ಅದಾದ ವಾರಕ್ಕೆ ಮಾವನಿಗೆ ಕಣ್ಣಿನ ಪರೀಕ್ಷೆಯ ಕರೆ ಬಂತು. ಡಾಕ್ಟರರ ಆಳು ಯಾರ್ಡಿನಲ್ಲಿ ದೂರ ನಿಂತು ಕೆಂಪೋ ಹಸಿರೋ ಬಾವುಟ ಎತ್ತುವುದು, ಡ್ರೈವರ್ ಅದರ ಬಣ್ಣ ಹೇಳುವುದು. ತಪ್ಪಿದರೆ ಮತ್ತೆ ಇಂಜಿನ್ ಹತ್ತುವ ಹಾಗಿಲ್ಲ.

"ನೀನು ನನ್ ಇಂದೆ ನಿಂತ್ಕೊಳ್ಲಾ. ಕೆಂಪಾದ್ರೆ ಕೆಮ್ಮು, ಅಸ್ರಾದ್ರೆ ಸುಮ್ಕಿರು" ಎಂದ ಮಾವ. "ಮುದ್ಕೀನ ಬೇರೆಯೋನ್ ಕೈಗೆ ಕೊಟ್ಟು ನಾನ್ ಬದ್ಕಿರಕ್ಕಾಯ್ತದಾ?"

ನಾನು ಆಗಲಿ ಎಂದೆ. ಅವನ ಮನೆಯ ಮುದ್ದೆ ತಿಂದವನು ಇನ್ನೇನು ಹೇಳಲಿ.

ಮೊದಲ ಬಾವುಟ ಕೆಂಪು. ಕೆಮ್ಮಿದೆ, ಮಾವ ಕೆಂಪು ಎಂದ. ಎರಡನೆಯದು ಹಸಿರು. ಸುಮ್ಮನಿದ್ದೆ, ಅದನ್ನೂ ಸರಿಯಾಗಿ ಹೇಳಿದ. ಮೂರನೆಯ ಬಾವುಟ ಏಳುವ ಹೊತ್ತಿಗೆ, ಅವತ್ತು ಬೇರೆ ಡ್ರೈವರಿಗೆ ಕೊಟ್ಟಿದ್ದ ಮುದುಕಿ ನಮ್ಮ ಬೆನ್ನ ಹಿಂದಿನ ಪ್ಲಾಟ್‌ಫಾರ್ಮಿನಿಂದ ಬುಸುಗುಡುತ್ತ ಹೊರಟಿತು. ತಿರುಗಿ ನೋಡಿದೆ. ಕಿಟಕಿಗಳ ತುಂಬ ಅದೇ ಜನ. ಮಾವನಿಗೆ ಬೈದಿದ್ದ ಆ ಹೆಂಗಸು ಎಲೆಅಡಿಕೆ ಮೆಲ್ಲುತ್ತ ಕೂತಿದ್ದಳು. ಆಳಿನ ಕೈಯಲ್ಲಿ ಇದ್ದದ್ದು ಕೆಂಪು ಬಾವುಟ. ನಾನು ಕೆಮ್ಮಲಿಲ್ಲ.

ಮಾವನ ಮುಖ ಅರಳಿತು. "ಅಸ್ರು ಸಾರ್. ಕೇಳಿ ಬೇಕಾರೆ, ನಮ್ ಮುದ್ಕಿ ಒಂಟವ್ಳೆ. ಕೆಂಪಿದ್ರೆ ಅವ್ಳು ಒಂದ್ ಎಜ್ಜೆ ಇಡಾಕಿಲ್ಲ."

ಡಾಕ್ಟರರು ಬರೆಯುವುದನ್ನು ನಿಲ್ಲಿಸಿದರು. "ನಾನು ಕೇಳಿದ್ದು ಬಾವುಟದ ಬಣ್ಣ ಕಣಪ್ಪ" ಎಂದು ಹತ್ತಿರ ಕರೆದು ರೆಪ್ಪೆ ಬಿಡಿಸಿ ನೋಡಿದರು. ಅಲ್ಲಿಗೆ ಮುಗಿಯಿತು. ಮಾವನನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು.

ಮನೆಗೆ ನಡೆದು ಬರುವಾಗ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವನೇ ಮೊದಲು ಅಂದ: "ನಿನ್ ತಪ್ಪೇನಿಲ್ಲ ಕಣ್ಲಾ. ನೀನ್ ಕೆಮ್ಮಿರ್ತೀಯ. ಆ ಮುದ್ಕಿ ಮುಂಡೇದ್ರ ಸದ್ದಲ್ಲಿ ನಂಗೆ ಕೇಳ್ಸಲಿಲ್ಲ."

ನಾನು ಬಾಯಿ ಮುಚ್ಚಿಕೊಂಡೆ.

ಆಮೇಲೆ ಅವನು ಮುದುಕಿಯ ಮುಖ ನೋಡಲಿಲ್ಲ. ಅದು ಕೂಗಿಕೊಂಡು ಬಂದರೆ ಉಗ್ರಾಣದ ಬಾಗಿಲು ಹಾಕಿಕೊಳ್ಳುವನು. ಆಯುಧಪೂಜೆಗೆ ನಾವೆಲ್ಲ ಅದಕ್ಕೆ ಚೆಂಡುಹೂವಿನ ಹಾರ ಹಾಕುವಾಗ ಎಷ್ಟು ಕರೆದರೂ ಬರಲಿಲ್ಲ. ಕೆಮ್ಮದೆ ಇದ್ದದ್ದು ಸರಿ ಎಂದು ಇವತ್ತಿಗೂ ಅನ್ನುತ್ತೇನೆ, ಯಾರ ಎದುರಿಗಾದರೂ ಅನ್ನುತ್ತೇನೆ. ಆದರೆ ನನ್ನ ಮೇಲೆ ಬರಬೇಕಾದ ಸಿಟ್ಟನ್ನು ಅವನು ಸಾಯುವವರೆಗೂ ಆ ಇಂಜಿನ್ನಿನ ಮೇಲೆ ಇಟ್ಟುಕೊಂಡಿದ್ದ. ಅಷ್ಟೂ ವರ್ಷ ಅವನ ಪಕ್ಕದಲ್ಲೇ ಕೂತು ಉಂಡ ನಾನು ನಿಜ ಹೇಳಿ ಅದನ್ನು ಬಿಡಿಸಲಿಲ್ಲ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.