ಮಾವನ ಮನೆಗೆ ಬಂದ ಇನ್ನೂರು ಕೊರಳು

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ನೀವು ನಿಶ್ಚಿಂತೆಯಿಂದ ಓದಬಹುದು. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ, ಗೆಳೆಯರ ಮುಂದೆ, ನಮ್ಮ ಗುರಸಿದ್ದಪ್ಪ ಮಾವನ ಒಡಕು ದನಿಯನ್ನು ನಾನು ಅಣಕಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ. ಬೈಯಲಿಲ್ಲ, ಬಡಿಯಲಿಲ್ಲ. ಚಹಾ ಕುಡಿಯದೇ ಹೊರಟುಹೋದ.

ರೇಡಿಯೋಕ್ಕೂ ಲೈಸೆನ್ಸು ಬೇಕಾದ ಈ ಕಾಲದಲ್ಲಿ ನನ್ನ ಬಾಯಿಗೆ ಮಾತ್ರ ಯಾರೂ ಲೈಸೆನ್ಸು ಕೇಳಿಲ್ಲ. ಸವದತ್ತಿ ಬಸ್ಸಿನ ಕಂಡಕ್ಟರ್, ಯರಗಟ್ಟಿಯ ಕಾಳಿನ ವ್ಯಾಪಾರಿ, ನಮ್ಮ ಕಾಲೇಜಿನ ಪ್ರಿನ್ಸಿಪಾಲರು, ರಿಸಲ್ಟ್ ಬೋರ್ಡಿನ ಮುಂದೆ ನಿಂತ ಸ್ವತಃ ನಾನು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದಾರೆ. ಆದರೆ ಮಾವನದು ಬೇರೆ ಮಾತು. ಹತ್ತಿ ಪೇಟೆಯಲ್ಲಿ ಲಿಲಾವು, ಅಂದರೆ ಹರಾಜು, ಕೂಗುತ್ತಿದ್ದವನು ಅವನು. ಸೋಮವಾರ ಮಠದ ಭಜನೆಯಲ್ಲಿ ಮುಂದೆ ನಿಂತು ಹಾಡುತ್ತಿದ್ದವನೂ ಅವನೇ. ಹೋದ ವರ್ಷ ಗಂಟಲಲ್ಲಿ ಗಂಟೆದ್ದು ಮಿರಜಿಯಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಪೇಟೆಯಲ್ಲಿ ಬೇರೆಯವರು ಕೂಗುತ್ತಾರೆ, ಮಾವ ಪಕ್ಕದಲ್ಲಿ ನಿಂತು ಗಂಟೆ ಬಾರಿಸುತ್ತಾನೆ. ಅಷ್ಟಾದರೂ ಭಜನೆಗೆ ಬಂದು ಹಿಂದೆ ಕೂತು ತಾಳ ಹಾಕುತ್ತಿದ್ದ. ಚಹಾದಂಗಡಿಯ ಆ ದಿನದ ನಂತರ ಅದನ್ನೂ ಬಿಟ್ಟ. ದನಿ ಹೋದ ಸಂಕಟಕ್ಕೆ ಬಿಟ್ಟ ಎಂದು ಊರು ತಿಳಿಯಿತು. ನಿಜವಾದ ಕಾರಣ ಗೊತ್ತಿದ್ದದ್ದು ನಮ್ಮಿಬ್ಬರಿಗೆ, ಮತ್ತು ಆ ಚಹಾದಂಗಡಿಗೆ.

ಇಂಥದರಲ್ಲಿ ಆ ರೆಕಾರ್ಡು ಬಂತು. ಮುಂಬೈಯ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗನಿಗೆ, ದೇಶಕ್ಕೆ ಮರಳುವಾಗ ಒಬ್ಬ ಝೆಕ್ ಎಂಜಿನಿಯರ್ ಕೊಟ್ಟುಹೋದದ್ದಂತೆ. ಹುಡುಗನಿಗೆ ಅದು ತಿಳಿಯಲಿಲ್ಲ; ಹಾಡಿನ ವಸ್ತು ಅಂದಮೇಲೆ ಗುರಸಿದ್ದಪ್ಪನ ಮನೆಗೇ ಸೇರಬೇಕೆಂದು ಹಬ್ಬಕ್ಕೆ ಬಂದಾಗ ತಂದುಕೊಟ್ಟ. ಅದರ ಮೇಲಿನ ಇಂಗ್ಲಿಷ್ ಓದಲು ಮಾವ ಹೇಳಿ ಕಳಿಸಿದ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹತ್ತಿದ ಮೇಲೆ ಮೆಟ್ಟಿಲ ಮೇಲೇ ಕೂತಿದ್ದೇನೆ ಎಂಬುದು ಬೇರೆ.

ಡಿಕ್ಷನರಿ ತಿರುವಿ ನಾನು ತಿಳಿದದ್ದು ಇಷ್ಟು: ಇದು ಕ್ರೈಸ್ತರ ಇಗರ್ಜಿಯ ಪೂಜೆಯ ಹಾಡು, ಭಾಷೆ ಆ ಎಂಜಿನಿಯರನ ಕಡೆಯ ಹಳೆಯ ಸ್ಲಾವೋನಿಕ್. ಆ ಭಾಷೆಯಲ್ಲಿ ಇಂದು ಯಾರೂ ಬದನೆಕಾಯಿ ಕೊಳ್ಳುವುದಿಲ್ಲ, ದೇವರನ್ನು ಮಾತ್ರ ಕರೆಯುತ್ತಾರೆ. ಹೂಲಿಯ ಗುಡಿಯಲ್ಲಿ ಒಂದು ಶಾಸನದ ಕಲ್ಲಿದೆ. ಅದರ ಅಕ್ಷರ ಊರವರಿಗೆ ಓದಲು ಬರುವುದಿಲ್ಲ. ಆದರೂ ಹೋಗುವಾಗ ಬರುವಾಗ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ತಿಳಿಯದಿರುವುದಕ್ಕೂ ನಮ್ಮಲ್ಲಿ ಒಂದು ಮರ್ಯಾದೆಯುಂಟು.

ಮಾವ ರೆಕಾರ್ಡನ್ನು ತನ್ನ ಬ್ಯಾಟರಿಯ ಪ್ಲೇಯರ್ ಪೆಟ್ಟಿಗೆಗೆ ಹಾಕಿದ. ಮೊದಲು ಕಹಳೆಗಳು ಎದ್ದವು, ಹಿಂದೆಯೇ ನಗಾರಿ. ಆಮೇಲೆ ಹೆಂಗಸರು ಮೆಲ್ಲಗೆ, ತೊಟ್ಟಿಲ ಕೂಸು ಎದ್ದೀತೆಂಬಂತೆ, ದೇವರೇ ಕರುಣಿಸು ಎಂದು ಕೇಳಿದರು. ಒಬ್ಬ ಗಂಡಸು ತೊರಗಲ್ ಕೋಟೆಯ ಮೇಲೆ ನಿಂತು ಕೆಳಗಿನ ಊರನ್ನು ಕರೆಯುವಂತೆ ದನಿ ಏರಿಸಿದ. ಕೂಡಲೇ ಸುಮಾರು ಇನ್ನೂರು ಕೊರಳು ಒಟ್ಟಿಗೆ ದನಿಗೂಡಿದವು. ಮಾವನ ಆ ಪುಟ್ಟ ಬ್ಯಾಟರಿ ಪೆಟ್ಟಿಗೆ ಗಡಗಡ ನಡುಗಿತು. ನನಗೆ ನಗು ಬಂತು. ನಾಳೆ ಚಹಾದಂಗಡಿಗೆ ಸರಕು ಸಿಕ್ಕಿತು ಎಂದುಕೊಂಡೆ.

ಮರುದಿನ ಕನ್ನಡಿಯ ಮುಂದೆ ನಿಂತು ಎಷ್ಟು ತಿಣುಕಿದರೂ ಬರಲಿಲ್ಲ. ಅಣಕವೆಂದರೆ ಒಬ್ಬನಲ್ಲಿ ಎದ್ದು ಕಾಣುವುದನ್ನು ಹಿಡಿಯುವುದು. ಇನ್ನೂರು ಮಂದಿ ಕೂಡಿ ಹಾಡುವಾಗ ಎದ್ದು ಕಾಣುವುದೇನು? ಅವರಲ್ಲಿಯೂ ಒಬ್ಬನಿಗೆ ನೆಗಡಿ ಇದ್ದೀತು, ಒಬ್ಬಳ ಮುಂದಿನ ಹಲ್ಲು ಬಿದ್ದಿದ್ದೀತು, ಒಬ್ಬನಿಗೆ ಶ್ರುತಿಯೇ ಸಿಗದಿದ್ದೀತು. ಎಲ್ಲರನ್ನೂ ಆ ಗುಂಪು ಹೆಗಲ ಮೇಲೆ ಹೊತ್ತು ದಾಟಿಸುತ್ತದೆ. ನನ್ನಂಥವನಿಗೆ ಅಲ್ಲಿ ಕೆಲಸವಿಲ್ಲ.

ಎರಡನೆಯ ಸಲ ಕೇಳುವಾಗ ನಾನು ರೆಕಾರ್ಡಿನ ಕಡೆ ನೋಡಲಿಲ್ಲ, ಮಾವನ ಕಡೆ ನೋಡಿದೆ. ಮೆಲ್ಲನೆಯ ಭಾಗದಲ್ಲಿ ತುಟಿ ಬಿಗಿದು ಕೂತಿದ್ದ. ಇನ್ನೂರು ಮಂದಿ ಏರಿದ ಕೂಡಲೇ ಅವನ ಕತ್ತಿನ ನರ ಉಬ್ಬಿದವು, ಬಾಯಿ ತೆರೆಯಿತು. ಮಾವ ಹಾಡುತ್ತಿದ್ದ. ಮಾತು ಗೊತ್ತಿಲ್ಲ, ಬರೀ ಸ್ವರ. ಅವರ ಅಬ್ಬರದಲ್ಲಿ ಅವನ ಒಡಕು ಅವನಿಗೂ ಕೇಳಿಸುತ್ತಿರಲಿಲ್ಲ. ಅವರು ಇಳಿದಾಗ ತಟ್ಟನೆ ಬಾಯಿ ಮುಚ್ಚಿಕೊಂಡ.

ಅಂದೇ ಮಠಕ್ಕೆ ಹೋಗಿ ಭಜನೆಯವರನ್ನು ರವಿವಾರ ಮಧ್ಯಾಹ್ನ ಮಾವನ ಮನೆಗೆ ಕರೆದೆ. ಅವನು ಬರದಿದ್ದರೆ ಇವರೇ ಹೋಗಲಿ ಎಂದು. ಎಂಟು ಮಂದಿ ಬಂದು ಜಮಖಾನದ ಮೇಲೆ ಕೂತರು. ತಾಳದ ಬಸಪ್ಪ ಹಾದಿಯಲ್ಲೇ ಹೇಳಿಟ್ಟಿದ್ದ, ತಿಳಿಯದಿದ್ದರೆ ಮಲಗುತ್ತೇನೆ, ತಪ್ಪು ತಿಳಿಯಬೇಡ ಎಂದು. ಮಲಗಲಿಲ್ಲ. ಅರ್ಧ ದಾಟಿದ ಮೇಲೆ ಕೊರಳೆಲ್ಲ ಕೂಡಿ ಆಮೆನ್, ಆಮೆನ್ ಎಂದು ಮೇಲೇರಿದವು. ನಮ್ಮ ಭಜನೆಯಲ್ಲಿ ಎಲ್ಲರ ದನಿ ಕೂಡಿ ಒಂದೇ ಮಾತು ಹೀಗೆ ಮತ್ತೆ ಮತ್ತೆ ಏರಿತೆಂದರೆ ಅದು ಮಂಗಳವೇ. ಎಂಟೂ ಮಂದಿ ಎದ್ದು ನಿಂತು ಕೈ ಮುಗಿದರು, ಬಸಪ್ಪ ತಾಳ ಜಗ್ಗಿಸಿ ಬಾರಿಸಿದ, ಒಳಗಿಂದ ಮಾವನ ಹೆಂಡತಿ, ನಮ್ಮ ಅತ್ತಿ, ಕರ್ಪೂರ ಹಚ್ಚಿಕೊಂಡು ಆರತಿ ತಟ್ಟೆ ಹಿಡಿದು ಬಂದೇಬಿಟ್ಟಳು. ಮುಗಿದದ್ದು ಒಂದು ಬದಿ ಮಾತ್ರ; ನಾನು ರೆಕಾರ್ಡು ತಿರುವಿ ಹಾಕಿದೆ. ಹಾಡು ಮತ್ತೆ ಸುರುವಾಯಿತು.

"ಇನ್ನೂ ಐತೇನು?" ಅಂದಳು ಅತ್ತಿ, ಉರಿಯುವ ತಟ್ಟೆ ಹಿಡಿದುಕೊಂಡು. "ಹಚ್ಚಿದ್ದನ್ನ ಏನ ಮಾಡ್ಲಿ ಈಗ?"

ಅತ್ತಿ ಪೆಟ್ಟಿಗೆಗೇ ಆರತಿ ಬೆಳಗಿ, ಅದರ ಮುಚ್ಚಳಕ್ಕೆ ಕುಂಕುಮ ಹಚ್ಚಿ ಒಳಗೆ ಹೋದಳು. ಮಾವ ನಕ್ಕ. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಕಲ್ಲು ಸಿಕ್ಕಂತೆ ಕರಕರ ನಕ್ಕ, ಎಂಟು ಮಂದಿಯ ಮುಂದೆ. ಅವರೂ ನಕ್ಕರು, ಅವನ ಜೊತೆ. ಉಳಿದದ್ದನ್ನೂ ಕೂತು ಕೇಳಿದರು. ಕೊನೆಯ ಹೊತ್ತಿಗೆ ಇಗರ್ಜಿಯ ಆರ್ಗನ್ ವಾದ್ಯವೊಂದೇ, ದೇವರ ಮೇಲೆ ಸಿಟ್ಟು ಮಾಡಿಕೊಂಡವರಂತೆ ಮೊರೆದಾಗ ಬಸಪ್ಪ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಎಲ್ಲರೂ ಹೋದಮೇಲೆ ನಾನು ಮಾವನ ಕಾಲು ಹಿಡಿದೆ. ಚಹಾದಂಗಡಿಯ ಹೆಸರೆತ್ತಲು ಬಾಯಿ ಬರಲಿಲ್ಲ. ಇನ್ನು ಮುಂದೆ ನಿನ್ನ ಒಡಕು ದನಿಯನ್ನಷ್ಟೇ ಅಲ್ಲ, ಸಣ್ಣವನಿದ್ದಾಗ ಪೆಪ್ಪರಮಿಂಟಿಯ ಆಸೆಗೆ ನಿನ್ನ ಮುಂದೆಯೇ ಮಾಡಿ ತೋರಿಸುತ್ತಿದ್ದ ಆ ಹಳೆಯ ತುಂಬು ದನಿಯನ್ನೂ ಎಂದೂ ಮಾಡುವುದಿಲ್ಲ, ಆಣೆ ಎಂದೆ. ಮಾವ ರೆಕಾರ್ಡನ್ನು ಧೂಳು ಒರೆಸಿ ಕವರಿಗೆ ಹಾಕುತ್ತಿದ್ದ. ತಲೆ ಎತ್ತದೆ, ಇದ್ದ ದನಿಯಲ್ಲೇ ಹೇಳಿದ:

"ಒಡಕ ದನಿ ನನ್ನ ಕಡೇನ ಐತಲೇ ಅಳಿಯಾ, ಅದನ್ನ ನೀ ಮಾಡೂದು ಬ್ಯಾಡ. ಮೊದಲಿಂದು ನಿನ್ನ ಗಂಟಲದಾಗ ಅಷ್ಟ ಉಳದೈತಿ. ಅದನ್ನ ತಗೊಂಡು ಸೋಮವಾರ ಮಠಕ್ಕ ಬಾ, ಪದಾ ನಾ ಹೇಳಿಕೊಡ್ತೇನಿ."