ಆ ರಿಂಗ್‌ಟೋನು ಯಾರದು?

ಹಳೆಯ ರಬ್ಬರು ಬೆವರಿದರೆ ಒಂದು ವಾಸನೆ ಬರುತ್ತದೆ, ನೀವೂ ಮೂಸಿರಬಹುದು. ಮೊನ್ನೆ ಯಳಂದೂರಿನ ನಮ್ಮ ಮನೆಯಲ್ಲಿ ಗ್ಯಾಸಿನ ಪುಸ್ತಕ ಹುಡುಕುತ್ತ ಮೇಜಿನ ಡ್ರಾಯರಿಗೆ ಕೈ ಹಾಕಿದೆ. ಆ ವಾಸನೆಯ ಜೊತೆಗೇ ಬೆರಳಿಗೆ ಅಂಟಿಕೊಂಡು ಬಂದದ್ದು ನನ್ನ ಹಳೆಯ ಕೀಪ್ಯಾಡ್ ಫೋನು. ನನ್ನ ಫೋನು ಎಂದೆನಲ್ಲ, ಅಲ್ಲೇ ಅರ್ಧ ತಪ್ಪು. ಅದನ್ನು ನಾನೂ ಸಿದ್ದರಾಜುವೂ ಸೇರಿ ಕೊಂಡಿದ್ದೆವು.

ಸಿದ್ದರಾಜು ಬಂಡಳ್ಳಿಯವನು, ನಾನು ಹನೂರಿನವನು. ಮದುವೆಗೆ ಮುಂಚೆ ಇಬ್ಬರೂ ಕೊಳ್ಳೇಗಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆವು. ಒಂದೇ ಕೋಣೆ, ಒಂದೇ ಸ್ಟವ್, ಆಮೇಲೆ ಒಂದೇ ಫೋನು. ಅದರಲ್ಲಿ ರಿಂಗ್‌ಟೋನನ್ನು ನಾವೇ ಕಟ್ಟಬಹುದಿತ್ತು. ಒಂದು ಒತ್ತಿದರೆ ಸ, ಎರಡು ಒತ್ತಿದರೆ ರಿ, ಸೊನ್ನೆ ಒತ್ತಿದರೆ ಮೌನ. ಸಂಗೀತದ ಗಂಧವಿಲ್ಲದ ನಾವು ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಸರದಿಯ ಮೇಲೆ ಒತ್ತುತ್ತ ಕೂರುತ್ತಿದ್ದೆವು. ಹೇಗೋ ಒಂದು ರಾಗ ಮೂಡಿತು.

ಒಂದು ದಿನ ಜೆರಾಕ್ಸಿಗೆ ಬಂದ ಮೇಷ್ಟರೊಬ್ಬರು ಅದನ್ನು ಕೇಳಿ, “ಚೆನ್ನಾಗೈತಲ್ಲ, ಯಾರ್ ಮಾಡಿದ್ದು?” ಎಂದರು.

“ನಾನು ಸಾ” ಎಂದೆವು, ಇಬ್ಬರೂ ಒಟ್ಟಿಗೆ.

ಮೇಷ್ಟರು ನಕ್ಕರು. ನಾವು ನಗಲಿಲ್ಲ. “ಸುಳ್ಳು ಯಾಕ್ಲಾ ಏಳ್ತೀಯೆ? ನಾ ಒತ್ತುವಾಗ ನೀ ಗೊರಕೆ ಒಡೀತಿದ್ದೆ” ಎಂದ ಸಿದ್ದರಾಜು. ನಾನು ಮೇಷ್ಟರ ಮುಂದೆಯೇ ಅವನನ್ನು ಕಳ್ಳ ಎಂದುಬಿಟ್ಟೆ. ಮಾರನೆಯ ದಿನ ಅವನು ಸಿಮ್ ಮಾತ್ರ ತೆಗೆದುಕೊಂಡು, ಸೆಟ್ಟನ್ನು ನನ್ನ ಹಾಸಿಗೆಯ ಮೇಲೆ ಇಟ್ಟು ಕೋಣೆ ಬಿಟ್ಟ. ಮುಂದೆ ಅವನ ಲಗ್ನಪತ್ರಿಕೆ ಬಂತು. ಎರಡು ದಿನ ಅದನ್ನು ಹಿಂದುಮುಂದು ತಿರುಗಿಸಿ ನೋಡಿದೆ. ಹೋಗಲಿಲ್ಲ.

ಈಗ ಯಳಂದೂರಿನ ಮೊಬೈಲ್ ಅಂಗಡಿಯವನು ಆ ಫೋನಿನ ಉಬ್ಬಿದ್ದ ಬ್ಯಾಟರಿ ಕಿತ್ತು ಬೇರೊಂದು ಹಾಕಿಕೊಟ್ಟ. ಫೋನು ಜೀವ ಹಿಡಿಯಿತು, ಒಳಗೆ ರಾಗವೂ ಇತ್ತು. ಈಗಿನ ಫೋನಿಗೆ ಅದನ್ನು ಕಳುಹಿಸುವ ದಾರಿ ಮಾತ್ರ ಇರಲಿಲ್ಲ. ಸಂಗೀತದ ಒಂದು ಆಪ್ ಇಳಿಸಿಕೊಂಡು, ಎರಡು ಫೋನನ್ನೂ ಮುಖಾಮುಖಿ ಹಿಡಿದು ಕೂತೆ. ಕೇಳಿದ್ದನ್ನು ಸ್ವರವಾಗಿ ಬರೆದು ಬೇಕಾದ ವಾದ್ಯದಲ್ಲಿ ನುಡಿಸುತ್ತದಂತೆ. ಮೊದಲ ಸಲ ಅಡುಗೆಮನೆಯ ಕುಕ್ಕರಿನ ಸೀಟಿಯನ್ನೂ ಸೇರಿಸಿ ಕೊಳಲು ಊದಿತು. ಎರಡನೆಯ ಸಲ, “ಊಟುಕ್ಕೆ ಬತ್ತೀರೋ ಇಲ್ವೋ” ಎಂಬ ನನ್ನ ಹೆಂಡತಿಯ ಮಾತನ್ನು ಪಿಟೀಲಿಗೆ ಇಳಿಸಿತು. ಮೂರನೆಯ ಸಲ ರಾಗ ಶುದ್ಧವಾಗಿ ಬಂತು. ಬಂದದ್ದೇ, ಉಳಿಸಿಕೊಳ್ಳುವ ಮುಂಚೆ ಆಪ್ ಕೇಳಿತು: ಸಂಯೋಜಕರ ಹೆಸರು?

ನನ್ನ ಹೆಸರು ಬರೆದೆ. ಅಳಿಸಿದೆ. ಅವನದು ಬರೆದೆ. ಅದನ್ನೂ ಅಳಿಸಿದೆ. ನಿಜ ಹೇಳುತ್ತೇನೆ, ನನಗೆ ನೆನಪಾಗಲಿಲ್ಲ. ಗುಂಡಿಗಳ ಮೇಲೆ ಓಡಾಡುವ ಹೆಬ್ಬೆರಳು ಕಣ್ಣಿಗೆ ಕಟ್ಟುತ್ತದೆ, ಅದು ಯಾರ ಹೆಬ್ಬೆರಳೆಂದು ಮಾತ್ರ ತಿಳಿಯುತ್ತಿಲ್ಲ. ಇಷ್ಟು ವರ್ಷ ಯಾವ ಧೈರ್ಯದ ಮೇಲೆ ಕೋಪ ಇಟ್ಟುಕೊಂಡಿದ್ದೆ?

ಭಾನುವಾರ ಬಂಡಳ್ಳಿಯ ಬಸ್ಸು ಹತ್ತಿದೆ. ಸಿದ್ದರಾಜು ಜಗಲಿಯಲ್ಲಿ ಕೂತು ಮುಸುಕಿನ ಜೋಳದ ತೆನೆ ಸುಲಿಯುತ್ತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು. “ಏನ್ಲಾ, ದಾರಿ ತಪ್ಪುದ್ಯಾ?” ಎಂದ. ನಾನು ಹಳೆಯ ಫೋನು ತೆಗೆದು ರಾಗ ಹಾಕಿದೆ. ಅವನ ಕೈಯ ತೆನೆ ಅಲ್ಲೇ ನಿಂತಿತು.

“ಇದು ನಿಂದೇ ಕಣ್ಲಾ. ಅವತ್ತು ಸುಮ್ನೆ ಅಟ ಮಾಡ್ದೆ” ಎಂದ.

“ಇಲ್ಲ ಕಣ್ಲಾ, ನಿಂದು” ಎಂದೆ.

ಇನ್ನೊಂದು ಜಗಳಕ್ಕೆ ಇಷ್ಟು ಸಾಕಿತ್ತು. ಅಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿ ರತ್ನಮ್ಮ ಬಂದರು. ಹೂಗ್ಯಂ ಕಡೆಯ ಹೆಣ್ಣುಮಗಳು, ನಾನು ನೋಡಿದ್ದು ಅಂದೇ ಮೊದಲು. “ಅಯ್ಯೋ, ಇದು ನಮ್ಮೂರ್‌ಗೆ ಬತ್ತಿದ್ದ ಬಸ್ಸಿನ ಆರನ್ ಅಲ್ವಾ? ಕೊಳ್ಳೇಗಾಲ್ದಲ್ಲಿ ನಿಮ್ಮಂಗ್ಡಿ ಮುಂದ್ಲೇ ನಿಂತ್ಕತಿತ್ತಲ್ಲ!” ಎಂದು ಬಾಯಲ್ಲೇ ಹಾಡಿ ತೋರಿಸಿದರು. ಸ್ವರಕ್ಕೆ ಸ್ವರ ಸರಿಯಾಗಿತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಅವರೇ ತಲೆ ಅಲ್ಲಾಡಿಸಿ, “ಕೊನೇಲಿ ಮೆಲ್ಲುಗೆ ಇಳೀತದಲ್ಲ, ಅದು ಮಾತ್ರ ಬಸ್ಸಿಂದಲ್ಲ ಕಣ್ರಿ” ಎಂದರು.

ಹಾಗಾದರೆ ಆ ಕೊನೆಯ ಮೂರು ಸ್ವರ ಯಾರದು? ಮತ್ತೆ ಮೂರು ಸಲ ಕೇಳಿದೆವು. ಗೊತ್ತಾಗಲಿಲ್ಲ.

“ಅವತ್ತು ಕಳ್ಳ ಅಂದ್ಬುಟ್ಟೆ” ಎಂದೆ.

“ಅದ್ನ ಆವತ್ತೇ ಮರ್ತೆ. ಮದ್ವೆಗ್ ಬರ್ನಿಲ್ವಲ್ಲ, ಅದ್ನ ಮರಿಯಕ್ಕಾಯ್ತದಾ?” ಎಂದ ಸಿದ್ದರಾಜು, ತೆನೆ ನೋಡುತ್ತ. ನಾನೂ ಒಂದು ತೆನೆ ಎತ್ತಿಕೊಂಡು ಸುಲಿಯತೊಡಗಿದೆ. ಅದು ಮುಗಿಯುವಷ್ಟರಲ್ಲಿ ಅವನೇ, “ಉಂಡ್ಕಂಡೋಗು. ನಂಬರ್ ಕೊಡು” ಎಂದ. ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ರತ್ನಮ್ಮ ಎರಡನೆಯ ಮುದ್ದೆ ಇಟ್ಟಾಗ ಬೇಡವೆನ್ನುವ ಧೈರ್ಯ ನನಗಾಗಲಿಲ್ಲ.

ಇವತ್ತು ಬೆಳಿಗ್ಗೆ ಯಳಂದೂರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಜೇಬಿನಲ್ಲಿ ಆ ರಾಗ ಹೊರಟಿತು. ಆಪಿನಲ್ಲಿ ಸಂಯೋಜಕರ ಹೆಸರಿನ ಜಾಗಕ್ಕೆ ಒಂದು ಚುಕ್ಕೆ ಹಾಕಿ ಉಳಿಸಿಕೊಂಡು, ಅವನೊಬ್ಬನ ನಂಬರಿಗೆ ಮಾತ್ರ ಅದನ್ನು ಇಟ್ಟಿದ್ದೇನೆ. ಕೊನೆಯ ಆ ಮೂರು ಸ್ವರ ಬರಲಿ ಎಂದು ಕಾಯುತ್ತ ನಿಂತೆ. ಬಂದವು, ಕರೆ ಕಟ್ಟಾಯಿತು. ಮರುಕ್ಷಣ ಮತ್ತೆ ಬಡಿದುಕೊಂಡಿತು. ಎತ್ತಿದೆ.

“ಲೇ, ಒಂದೇ ಸಲಕ್ಕೆ ಎತ್ತಕಾಗಕಿಲ್ವಾ?” ಎಂದು ಸಿದ್ದರಾಜು ಬೈದ.